ರೋಗಿಯ ಮಂಚದ ಪಕ್ಕದಿಂದ ರಾಜಭವನಕ್ಕೆ: ಬಾರ್ಬಡೋಸಿನ ನೀಟಾ ಬ್ಯಾರೋ



ಮೇ 12 ವಿಶ್ವ ದಾದಿಯರ ದಿನ. ಆ ನಿಮಿತ್ತ ಈ ಸಲ ನಮ್ಮ ಪತ್ರಿಕೆಯಲ್ಲಿ ದಾದಿಯೊಬ್ಬರ ಜೀವನವನ್ನೇ ಪರಿಚಯಿಸುತ್ತಿದ್ದೇವೆ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ನರ್ಸಿಂಗ್ ಕಲಿಯುವ ಹೆಣ್ಣುಮಕ್ಕಳು ಈಗ ಬಹಳ ಜನ ಇದ್ದಾರೆ. ಬೀದರಿಗೋ ಕಲಬುರಗಿಗೋ ಹೈದರಾಬಾದಿಗೋ ಹೋಗಿ ಕಲಿಯುತ್ತಾರೆ, ರಾತ್ರಿ ಪಾಳಿ ಮಾಡುತ್ತಾರೆ, ಮನೆಗೆ ಆಧಾರವಾಗುತ್ತಾರೆ. ಆದರೂ ಸಂಬಂಧ ನೋಡಲು ಬಂದವರು ಹುಡುಗಿ ಬರೀ ನರ್ಸಾ ಎಂದು ಕೇಳುವುದು ಇನ್ನೂ ನಿಂತಿಲ್ಲ. ಆ ‘ಬರೀ’ ಎನ್ನುವ ಮಾತಿಗೆ ಉತ್ತರ ಕೊಡುವಂಥ ಒಂದು ಬದುಕು ಇದು. ದವಾಖಾನೆಯಲ್ಲಿ ತರಬೇತಿ ದಾದಿಯಾಗಿ ಸೇರಿದ ಒಬ್ಬ ಹೆಣ್ಣುಮಗಳು ತನ್ನ ನಾಡಿನ ಅತ್ಯುನ್ನತ ಹುದ್ದೆಗೆ ಏರಿದ ಕಥೆ. ಅವರ ಹೆಸರು ರುತ್ ನೀಟಾ ಬ್ಯಾರೋ. ನಾಡು ಬಾರ್ಬಡೋಸ್ ದ್ವೀಪ.

ಬಾರ್ಬಡೋಸ್ ಎಂದ ಕೂಡಲೇ ನಮ್ಮ ಹುಡುಗರಿಗೆ ಕ್ರಿಕೆಟ್ ನೆನಪಾಗುತ್ತದೆ. ಗ್ಯಾರಿ ಸೋಬರ್ಸ್ ಹುಟ್ಟಿದ ನಾಡು ಅದು. 2024ರ ಜೂನ್ 29ರಂದು ನಮ್ಮ ರಾಹುಲ್ ದ್ರಾವಿಡ್ ತರಬೇತುದಾರರಾಗಿದ್ದ ಭಾರತ ತಂಡ ಟಿ-20 ವಿಶ್ವಕಪ್ ಗೆದ್ದದ್ದು ಅಲ್ಲಿನ ರಾಜಧಾನಿ ಬ್ರಿಡ್ಜ್‌ಟೌನಿನ ಕೆನ್ಸಿಂಗ್ಟನ್ ಓವಲ್ ಮೈದಾನದಲ್ಲಿ. ದ್ವೀಪ ಬಹಳ ಸಣ್ಣದು. ಉದ್ದ ಸುಮಾರು 34 ಕಿಲೋಮೀಟರ್, ಅಗಲ 23 ಕಿಲೋಮೀಟರ್, ಒಟ್ಟು ವಿಸ್ತೀರ್ಣ 430 ಚದರ ಕಿಲೋಮೀಟರ್. ನಮ್ಮ ಎರಡು ಮೂರು ಮಂಡಲ ಸೇರಿಸಿದರೆ ಅಷ್ಟಾದೀತು. ಜನಸಂಖ್ಯೆ ಮೂರು ಲಕ್ಷದೊಳಗೆ.

ಜಹೀರಾಬಾದ್ ಕಡೆಯವರಿಗೆ ಹೇಳಬೇಕಾದ ಇನ್ನೊಂದು ಸಂಗತಿ ಎಂದರೆ ಅದು ಕಬ್ಬಿನ ನಾಡು. 1627ರಲ್ಲಿ ಇಂಗ್ಲಿಷರು ಅಲ್ಲಿ ನೆಲೆಯೂರಿದರು. ಮುಂದೆ ಕಬ್ಬಿನ ತೋಟಗಳನ್ನು ಹಾಕಿ, ಆಫ್ರಿಕಾದಿಂದ ಜನರನ್ನು ಹಡಗುಗಳಲ್ಲಿ ತುಂಬಿ ತಂದು ಗುಲಾಮರಾಗಿ ದುಡಿಸಿದರು. 1838ರಲ್ಲಿ ಅವರು ಪೂರ್ತಿ ಬಿಡುಗಡೆ ಹೊಂದಿದರೂ ಭೂಮಿ ಹಳೆಯ ತೋಟದ ಮಾಲೀಕರ ಕೈಯಲ್ಲೇ ಉಳಿಯಿತು. ಆಸ್ತಿ ಇದ್ದವರಿಗಷ್ಟೇ ಓಟು ಇತ್ತು. ಕಬ್ಬು ಕಡಿಯುವವರ ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಸಾಯುವುದು ಸಾಮಾನ್ಯ ಸಂಗತಿಯಾಗಿತ್ತು.

ಇಂಥ ನಾಡಿನ ಉತ್ತರದ ತುದಿಯ ಸೇಂಟ್ ಲೂಸಿ ಎಂಬ ಭಾಗದಲ್ಲಿ 1916ರ ನವೆಂಬರ್ 15ರಂದು ನೀಟಾ ಹುಟ್ಟಿದರು. ತಂದೆ ರೆಜಿನಾಲ್ಡ್ ಬ್ಯಾರೋ ಕ್ರೈಸ್ತ ಪಾದ್ರಿ. ಅನ್ಯಾಯ ಕಂಡರೆ ಸುಮ್ಮನಿರುವ ಜಾಯಮಾನ ಅವರದಲ್ಲ. ಕೆಲಸದ ಮೇಲೆ ಸೇಂಟ್ ಕ್ರೋಯಿ ಎಂಬ ಬೇರೊಂದು ದ್ವೀಪಕ್ಕೆ ಹೋದಾಗ ಕರಿಯರ ಪರವಾಗಿ ಗಟ್ಟಿಯಾಗಿ ಮಾತಾಡಿ ಅಲ್ಲಿನ ಅಧಿಕಾರಿಗಳ ಕೋಪಕ್ಕೆ ಗುರಿಯಾದರು. ಮಕ್ಕಳು ಬಾರ್ಬಡೋಸಿನಲ್ಲಿ ತಾಯಿಯ ಕಡೆಯ ಓನೀಲ್ ಮನೆತನದ ಆಸರೆಯಲ್ಲಿ ಬೆಳೆದರು.

ಸೋದರಮಾವ ಚಾರ್ಲ್ಸ್ ಡಂಕನ್ ಓನೀಲ್ ಎಡಿನ್‌ಬರೋದಲ್ಲಿ ಕಲಿತ ಡಾಕ್ಟರು. ಊರಿಗೆ ಮರಳಿ ಬಡವರಿಗೆ ಔಷಧಿ ಕೊಡುತ್ತ, 1924ರಲ್ಲಿ ಡೆಮಾಕ್ರಟಿಕ್ ಲೀಗ್ ಎಂಬ ಪಕ್ಷ ಕಟ್ಟಿ, ಬಡವರಿಗೂ ಓಟು ಬೇಕು, ಮಕ್ಕಳ ದುಡಿಮೆ ನಿಲ್ಲಬೇಕು ಎಂದು ಹೋರಾಡಿದವರು. ಕಾಯಿಲೆಗೆ ಔಷಧಿ ಕೊಟ್ಟರಷ್ಟೇ ಸಾಲದು, ಕಾಯಿಲೆ ಹುಟ್ಟಿಸುವ ಬಡತನವನ್ನೂ ನೋಡಬೇಕು ಎಂಬುದನ್ನು ನೀಟಾ ಮನೆಯಲ್ಲೇ ಕಂಡರು. ಅವರಿಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ಎರಾಲ್ ಬ್ಯಾರೋ ಮುಂದೆ ಬಾರ್ಬಡೋಸಿನ ಮೊದಲ ಪ್ರಧಾನಮಂತ್ರಿಯಾದರು. ಅಂದಮೇಲೆ ರಾಜಕಾರಣ ಆ ಮನೆಗೆ ಹೊಸದಲ್ಲ. ಆದರೆ ನೀಟಾ ಚುನಾವಣೆಯ ದಾರಿ ಹಿಡಿಯಲಿಲ್ಲ. ಅವರು ಹಿಡಿದದ್ದು ದಾದಿಯ ದಾರಿ.

1935ರಲ್ಲಿ ಅವರು ಬ್ರಿಡ್ಜ್‌ಟೌನಿನ ಬಾರ್ಬಡೋಸ್ ಜನರಲ್ ಹಾಸ್ಪಿಟಲಿನಲ್ಲಿ ತರಬೇತಿಗೆ ಸೇರಿದರು. ಆ ವರ್ಷಗಳಲ್ಲೇ, 1937ರ ಜುಲೈನಲ್ಲಿ, ದ್ವೀಪದಲ್ಲಿ ದೊಡ್ಡ ಗಲಭೆಯಾಯಿತು. ಕೂಲಿಕಾರರನ್ನು ಸಂಘಟಿಸುತ್ತಿದ್ದ ಕ್ಲೆಮೆಂಟ್ ಪೇನ್ ಎಂಬುವರನ್ನು ಸರ್ಕಾರ ಗಡೀಪಾರು ಮಾಡಿದ್ದೇ ಅದಕ್ಕೆ ಕಿಡಿ. ಗಲಭೆಯಲ್ಲಿ 14 ಜನ ಸತ್ತರು. ವಿಚಾರಣೆಗೆ ಬ್ರಿಟಿಷ್ ಸರ್ಕಾರ ಕಳಿಸಿದ ಮೊಯ್ನ್ ಆಯೋಗ ಕೆರಿಬಿಯನ್ ದ್ವೀಪಗಳನ್ನೆಲ್ಲ ಸುತ್ತಿ ಮನೆ, ನೀರು, ಆಹಾರ, ಆರೋಗ್ಯ ಎಲ್ಲವೂ ಹದಗೆಟ್ಟಿರುವುದನ್ನು ದಾಖಲಿಸಿತು. ಯುದ್ಧದ ಕಾಲಕ್ಕೆ ಅದು ಬಯಲಾಗುವುದು ಬೇಡವೆಂದು ಪೂರ್ತಿ ವರದಿಯನ್ನು 1945ರವರೆಗೆ ಪ್ರಕಟಿಸಲಿಲ್ಲ.

ಬಾರ್ಬಡೋಸಿನಲ್ಲಿ ಕಲಿತು ಮುಗಿಸಿದ ಮೇಲೆ ನೀಟಾ ಟ್ರಿನಿಡಾಡಿಗೆ ಹೋಗಿ ಹೆರಿಗೆ ಮಾಡಿಸುವ ತರಬೇತಿ ಪಡೆದರು. ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಹೋಗಿ 1943ರಿಂದ 1945ರವರೆಗೆ ಸಾರ್ವಜನಿಕ ಆರೋಗ್ಯ ಓದಿದರು. ದವಾಖಾನೆಗೆ ಬಂದವರನ್ನು ನೋಡುವುದು ಒಂದು ವಿದ್ಯೆ, ಜನ ದವಾಖಾನೆಗೆ ಬರುವಂತಾಗುವುದನ್ನೇ ತಡೆಯುವುದು ಇನ್ನೊಂದು ವಿದ್ಯೆ. ನೀಟಾ ಎರಡನೆಯದನ್ನು ತಮ್ಮದಾಗಿಸಿಕೊಂಡರು. ಮರಳಿದ ಮೇಲೆ ಜಮೈಕಾದಲ್ಲಿ ಸಾರ್ವಜನಿಕ ಆರೋಗ್ಯ ಶಾಲೆಯ ಶಿಕ್ಷಕಿಯಾದರು.

ಆಗಿನ ವಸಾಹತು ದವಾಖಾನೆಗಳ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಗಾಯ ತೊಳೆಯುವುದು, ರಾತ್ರಿಯಿಡೀ ಎಚ್ಚರ ಕೂರುವುದು, ಹೆರಿಗೆ ಮಾಡಿಸುವುದು ಎಲ್ಲ ಸ್ಥಳೀಯ ಹೆಣ್ಣುಮಕ್ಕಳು. ಆದರೆ ಮೇಟ್ರನ್, ಅಂದರೆ ದಾದಿಯರ ಮುಖ್ಯಸ್ಥೆ, ಇಂಗ್ಲೆಂಡಿನಿಂದ ಬಂದ ಬಿಳಿಯ ಹೆಂಗಸು. ಕೆಲಸ ಕಲಿಸಿದವಳು ಕೆಳಗೇ ಉಳಿಯುತ್ತಿದ್ದಳು, ಹೊಸದಾಗಿ ಹಡಗಿಳಿದು ಬಂದವಳು ಮೇಲಿನ ಕುರ್ಚಿಯಲ್ಲಿ ಕೂರುತ್ತಿದ್ದಳು. ನನ್ನಂತೆ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

1954ರಲ್ಲಿ ಆ ಪದ್ಧತಿ ಒಂದು ಕಡೆ ಮುರಿಯಿತು. ಜಮೈಕಾದ ಮೋನಾದಲ್ಲಿದ್ದ ಯೂನಿವರ್ಸಿಟಿ ಕಾಲೇಜ್ ಹಾಸ್ಪಿಟಲಿಗೆ ನೀಟಾ ಬ್ಯಾರೋ ಮೇಟ್ರನ್ ಆದರು. ವೆಸ್ಟ್ ಇಂಡೀಸ್‌ನವರೇ ಒಬ್ಬರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಅದಾಗಿ ಎರಡು ವರ್ಷಕ್ಕೆ ಜಮೈಕಾ ಸರ್ಕಾರದ ಪ್ರಧಾನ ನರ್ಸಿಂಗ್ ಅಧಿಕಾರಿಯಾದರು. ದ್ವೀಪದ ಎಲ್ಲ ದವಾಖಾನೆಗಳ ದಾದಿಯರ ನೇಮಕ, ತರಬೇತಿ, ಸೇವಾ ನಿಯಮ ಅವರ ಮೇಜಿಗೆ ಬಂದವು. ದಾದಿಯರು ಒಂದಾಗಿ ಸಂಘ ಕಟ್ಟಿಕೊಂಡು ತಮ್ಮ ಸಂಬಳ, ವಸತಿ, ಮರ್ಯಾದೆಯ ಬಗ್ಗೆ ಮಾತಾಡಬೇಕೆಂಬ ಕೆಲಸದಲ್ಲೂ ಅವರು ಮುಂದಿದ್ದರು.

1964ರಿಂದ 1971ರವರೆಗೆ ಪ್ಯಾನ್ ಅಮೆರಿಕನ್ ಆರೋಗ್ಯ ಸಂಸ್ಥೆಯ ನರ್ಸಿಂಗ್ ಸಲಹೆಗಾರರಾಗಿ ಕೆರಿಬಿಯನ್ ದ್ವೀಪಗಳನ್ನು ಸುತ್ತಿದರು. ಒಂದೊಂದು ದ್ವೀಪದಲ್ಲಿ ಒಂದೊಂದು ರೀತಿಯ ದಾದಿ ಶಾಲೆ. ಕೆಲವು ಕಡೆ ಕಲಿಯಲು ಬಂದ ಹುಡುಗಿಯರನ್ನು ಕಡಿಮೆ ಸಂಬಳದ ಆಳುಗಳಂತೆ ದುಡಿಸಿಕೊಳ್ಳುವುದೇ ತರಬೇತಿ ಎನಿಸಿತ್ತು. ದಾದಿ ಯಾಕೆ, ಏನು ಎಂದು ತಿಳಿದು ಕೆಲಸ ಮಾಡಬೇಕು, ಅವಳ ಓದಿಗೆ ಒಂದು ಅಳತೆ ಇರಬೇಕು, ಒಂದು ದ್ವೀಪದ ಸರ್ಟಿಫಿಕೇಟು ಇನ್ನೊಂದು ದ್ವೀಪದಲ್ಲಿ ನಡೆಯಬೇಕು ಎಂಬುದು ಅವರ ಕೆಲಸದ ಸಾರ.

1971ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋದರು. ಅಲ್ಲಿ ವಿಶ್ವ ಚರ್ಚುಗಳ ಮಂಡಳಿಯಡಿ ಕ್ರಿಶ್ಚಿಯನ್ ಮೆಡಿಕಲ್ ಕಮಿಷನ್ ಎಂಬ ಸಣ್ಣ ಸಂಸ್ಥೆ ಇತ್ತು. ಬಡ ದೇಶಗಳಲ್ಲಿ ಮಿಷನ್ ದವಾಖಾನೆಗಳು ನೂರಾರು. ಆದರೆ ಹೆಚ್ಚಿನ ಹಣ ಪಟ್ಟಣದ ದೊಡ್ಡ ಕಟ್ಟಡಗಳಿಗೆ, ಹಾಸಿಗೆಗಳಿಗೆ ಹೋಗುತ್ತಿತ್ತು. ದವಾಖಾನೆಯಿಂದ ಹತ್ತು ಹರದಾರಿ ದೂರದ ಹಳ್ಳಿಯಲ್ಲಿ ಮಗು ವಾಂತಿ ಭೇದಿಯಿಂದಲೇ ಸಾಯುತ್ತಿತ್ತು. ಹಾಗಾದರೆ ಆರೋಗ್ಯ ಎನ್ನುವುದು ಯಾರ ಕೈಯಲ್ಲಿರಬೇಕು? ಇದು ಕಮಿಷನ್ ಎತ್ತಿಕೊಂಡ ಪ್ರಶ್ನೆ. ನೀಟಾ ಮೊದಲು ಸಹ ನಿರ್ದೇಶಕಿಯಾಗಿ, ಆಮೇಲೆ ನಿರ್ದೇಶಕಿಯಾಗಿ ಸುಮಾರು ಹತ್ತು ವರ್ಷ ಈ ಕೆಲಸ ಮಾಡಿದರು.

ಉತ್ತರ ಸಿಕ್ಕಿದ ಊರುಗಳಲ್ಲಿ ಒಂದು ನಮ್ಮ ಭಾಗಕ್ಕೆ ಹತ್ತಿರದ್ದೇ. ಬೀದರ್, ಲಾತೂರ್ ದಾಟಿ ಪಶ್ಚಿಮಕ್ಕೆ ಹೋದರೆ ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಯಲ್ಲಿ ಜಾಮಖೇಡ ಎಂಬ ಊರಿದೆ. ನಮ್ಮಂತೆಯೇ ಮಳೆ ಕಡಿಮೆಯ, ಜೋಳದ ಸೀಮೆ. ಡಾಕ್ಟರ್ ರಜನೀಕಾಂತ ಆರೋಳೆ ಮತ್ತು ಅವರ ಪತ್ನಿ ಡಾಕ್ಟರ್ ಮೇಬಲ್ ಆರೋಳೆ 1970ರಲ್ಲಿ ಅಲ್ಲಿ ಕೆಲಸ ಆರಂಭಿಸಿದರು. ಊರವರೇ ಒಬ್ಬ ಹೆಂಗಸನ್ನು ಆರಿಸಿ ಕಳಿಸಬೇಕು. ಓದು ಬಾರದಿದ್ದರೂ ಸರಿ, ಯಾವ ಜಾತಿಯಾದರೂ ಸರಿ. ಅವಳು ಕಲಿತುಕೊಂಡು ಹೋಗಿ ಊರಿನಲ್ಲಿ ಬಸುರಿಯರನ್ನು ನೋಡಿಕೊಳ್ಳುತ್ತಾಳೆ, ಭೇದಿಯಾದ ಮಗುವಿಗೆ ಉಪ್ಪು ಸಕ್ಕರೆ ನೀರು ಕುಡಿಸುತ್ತಾಳೆ, ಕುಷ್ಠ ಕ್ಷಯಗಳ ಗುರುತು ಹಿಡಿಯುತ್ತಾಳೆ, ಕುಡಿಯುವ ನೀರು ಚೊಕ್ಕಟವಿಡಲು ಹೇಳುತ್ತಾಳೆ. ಆರೋಳೆ ದಂಪತಿಗಳಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಜಾಮಖೇಡದಂಥ ಊರುಗಳ ಅನುಭವವನ್ನು ಜಗತ್ತಿಗೆ ತಿಳಿಸಿದ್ದರಲ್ಲಿ ನೀಟಾ ಇದ್ದ ಕಮಿಷನ್ನಿನ ಪಾತ್ರ ದೊಡ್ಡದು. ಅದರ ‘ಕಾಂಟ್ಯಾಕ್ಟ್’ ಎಂಬ ಪತ್ರಿಕೆ ಇಂಥ ಕೆಲಸಗಳ ಸುದ್ದಿಯನ್ನು ದೇಶದಿಂದ ದೇಶಕ್ಕೆ ಮುಟ್ಟಿಸಿತು.

ವಿಶ್ವ ಆರೋಗ್ಯ ಸಂಸ್ಥೆಯ ಕಚೇರಿಯೂ ಜಿನೀವಾದಲ್ಲೇ ಇದೆ. ಎರಡೂ ಕಡೆಯವರು ಕೂತು ಮಾತಾಡಿದರು. 1978ರ ಸೆಪ್ಟೆಂಬರಿನಲ್ಲಿ ಆಗಿನ ಸೋವಿಯತ್ ದೇಶದ ಅಲ್ಮಾ ಅತಾ ನಗರದಲ್ಲಿ 134 ಸರ್ಕಾರಗಳ ಪ್ರತಿನಿಧಿಗಳು ಸೇರಿ, ಪ್ರಾಥಮಿಕ ಆರೋಗ್ಯ ಸೇವೆ ಎಲ್ಲರಿಗೂ ಸಿಗಬೇಕು, ಅದರಲ್ಲಿ ಜನರೂ ಪಾಲುದಾರರಾಗಬೇಕು ಎಂದು ಘೋಷಿಸಿದರು. ಆ ಘೋಷಣೆಯ ಹಿಂದಿದ್ದ ಚಿಂತನೆಗೆ ನೀಟಾ ಮತ್ತು ಅವರ ಸಹೋದ್ಯೋಗಿಗಳ ಕೊಡುಗೆ ಇದೆ. ಇಂದು ನಮ್ಮ ಓಣಿಗೆ ಬರುವ ಆಶಾ ಕಾರ್ಯಕರ್ತೆ 2005ರ ಯೋಜನೆಯಿಂದ ಬಂದವರಾದರೂ, ಊರಿನ ಹೆಂಗಸೇ ಊರಿನ ಆರೋಗ್ಯ ಕಾಯಬಲ್ಲಳು ಎಂಬ ನಂಬಿಕೆ ಅದೇ.

ಇದೇ ಅವಧಿಯಲ್ಲಿ ಅವರಿಗೆ ಹೆಣ್ಣುಮಕ್ಕಳ ಸಂಘಟನೆಯ ದೊಡ್ಡ ಜವಾಬ್ದಾರಿಗಳೂ ಬಂದವು. 1975ರಿಂದ 1983ರವರೆಗೆ ವಿಶ್ವ ವೈ.ಡಬ್ಲ್ಯು.ಸಿ.ಎ. ಅಧ್ಯಕ್ಷೆಯಾಗಿದ್ದರು. ವಯಸ್ಕರ ಶಿಕ್ಷಣದ ಅಂತರರಾಷ್ಟ್ರೀಯ ಮಂಡಳಿಗೂ ಅಧ್ಯಕ್ಷೆಯಾದರು. 1980ರಲ್ಲಿ ‘ಡೇಮ್’ ಎಂಬ ಗೌರವ ಪದವಿ ಸಿಕ್ಕಿತು. 1985ರ ಜುಲೈನಲ್ಲಿ ಕೆನ್ಯಾದ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನ ನಡೆದಾಗ, ಅದರ ಜೊತೆಗೆ ಸ್ವಯಂಸೇವಾ ಸಂಘಗಳ ದೊಡ್ಡ ಸಭೆಯನ್ನು ನಡೆಸುವ ಹೊಣೆ ನೀಟಾ ಅವರದು.

ಲೋಕದ ಮೂಲೆ ಮೂಲೆಯಿಂದ ಸುಮಾರು 14,000 ಜನ ಬಂದರು. ನಮ್ಮಲ್ಲಿ ಇನ್ನೂರು ಜನರ ರಾಜ್ಯೋತ್ಸವ ಮಾಡಿ ಊಟದ ಎಲೆ ಲೆಕ್ಕ ಹಾಕಿದವರಿಗೆ ಆ ಸಂಖ್ಯೆಯ ಭಾರ ಗೊತ್ತಾಗುತ್ತದೆ. ಹೋಟೆಲು ಕೋಣೆಗಳಿಗಾಗಿ ಜಗ್ಗಾಟ ನಡೆಯಿತು. ದೇಶ ದೇಶಗಳ ನಡುವಿನ ಜಗಳ ಸಭೆಯೊಳಗೂ ಬಂತು. ಅಂಥವರು ಎದುರು ಬದುರು ಕೂತು ಮಾತಾಡಲೆಂದೇ ಶಾಂತಿಯ ಡೇರೆಯೊಂದನ್ನು ಹಾಕಿದ್ದರು. ಇಸ್ರೇಲಿನ ಹೆಂಗಸರೂ ಪ್ಯಾಲೆಸ್ಟೀನಿನ ಹೆಂಗಸರೂ ಅಲ್ಲಿ ಒಂದೇ ಡೇರೆಯೊಳಗೆ ವಾದ ಮಾಡಿದರು. ಸಭೆ ಒಡೆಯದೆ ಮುಗಿಯಿತು.

ಮರುವರ್ಷ ಇನ್ನೂ ಕಠಿಣವಾದ ಕೆಲಸ ಬಂತು. ದಕ್ಷಿಣ ಆಫ್ರಿಕಾದಲ್ಲಿ ಕರಿಯರನ್ನು ಬೇರೆಯಿಡುವ ವರ್ಣಭೇದ ಸರ್ಕಾರ ಇನ್ನೂ ಗಟ್ಟಿಯಾಗಿತ್ತು. ಸಂಧಾನಕ್ಕೆ ದಾರಿಯಿದೆಯೇ ನೋಡಲು ಕಾಮನ್‌ವೆಲ್ತ್ ದೇಶಗಳು ಏಳು ಜನರ ಗಣ್ಯರ ತಂಡವನ್ನು ಕಳಿಸಿದವು. ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಮಾಲ್ಕಮ್ ಫ್ರೇಸರ್ ಮತ್ತು ನೈಜೀರಿಯಾದ ಒಲುಸೆಗುನ್ ಒಬಸಾಂಜೊ ಅದರ ನೇತಾರರು. ಭಾರತದಿಂದ ನಮ್ಮ ಮಾಜಿ ವಿದೇಶಾಂಗ ಸಚಿವ ಸರ್ದಾರ್ ಸ್ವರಣ್ ಸಿಂಗ್. ಏಳು ಜನರಲ್ಲಿ ಒಬ್ಬರೇ ಹೆಣ್ಣುಮಗಳು, ನೀಟಾ ಬ್ಯಾರೋ.

ತಂಡ ಕರಿಯರ ಬಸ್ತಿಗಳಿಗೆ ಹೋಯಿತು, ಮಂತ್ರಿಗಳೊಡನೆ ಮಾತಾಡಿತು, ಪೋಲ್ಸ್‌ಮೂರ್ ಸೆರೆಮನೆಯಲ್ಲಿ ನೆಲ್ಸನ್ ಮಂಡೇಲಾ ಅವರನ್ನು ಕಂಡಿತು. ಮಾತುಕತೆ ನಡೆಯುತ್ತಿದ್ದಾಗಲೇ, 1986ರ ಮೇ 19ರಂದು, ದಕ್ಷಿಣ ಆಫ್ರಿಕಾದ ಸೇನೆ ನೆರೆಯ ಬೋಟ್ಸ್ವಾನಾ, ಜಾಂಬಿಯಾ, ಜಿಂಬಾಬ್ವೆಗಳ ಮೇಲೆ ದಾಳಿ ಮಾಡಿತು. ಸಂಧಾನ ಮುರಿಯಿತು. ಆ ಸರ್ಕಾರ ಮಾತಿಗೆ ಬಗ್ಗುವುದಿಲ್ಲ, ಆರ್ಥಿಕ ಒತ್ತಡವೇ ಬೇಕು ಎಂಬ ಅರ್ಥದ ವರದಿ ಹೊರಬಂತು. ಬಿಗಿಯಾದ ದಿಗ್ಬಂಧನ ಹೇರಬೇಕೆನ್ನುವವರ ವಾದಕ್ಕೆ ಆ ವರದಿ ಬಲ ಕೊಟ್ಟಿತು.

ಅದೇ 1986ರಲ್ಲಿ ಎರಾಲ್ ಬ್ಯಾರೋ ಮತ್ತೆ ಪ್ರಧಾನಿಯಾದರು. ನೀಟಾ ವಿಶ್ವಸಂಸ್ಥೆಯಲ್ಲಿ ಬಾರ್ಬಡೋಸಿನ ರಾಯಭಾರಿಯಾಗಿ ನೇಮಕವಾದರು. ಅಕ್ಕನಿಗೆ ತಮ್ಮನ ಸರ್ಕಾರ ಕೊಟ್ಟ ಹುದ್ದೆ ಎಂದು ಯಾರಾದರೂ ಅನ್ನಬಹುದು. ಆದರೆ ಅಷ್ಟರಲ್ಲಿ ಅವರ ಹೆಸರು ತಮ್ಮನ ಹೆಸರಿನ ಆಸರೆ ಇಲ್ಲದೆಯೇ ಜಗತ್ತಿಗೆ ಪರಿಚಿತವಾಗಿತ್ತು. 1987ರ ಜೂನ್ 1ರಂದು ಎರಾಲ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಮರುವರ್ಷ ನೀಟಾ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷತೆಗೆ ಸ್ಪರ್ಧಿಸಿ, ಅರ್ಜೆಂಟೀನಾದ ಡಾಂಟೆ ಕಾಪುಟೊ ಅವರೆದುರು ಸೋತರು. ಸೋತರೂ ಅದೇ ಸಭೆಯಲ್ಲಿ 1990ರವರೆಗೆ ತಮ್ಮ ಸಣ್ಣ ನಾಡಿನ ಪರವಾಗಿ ಕೆಲಸ ಮುಂದುವರಿಸಿದರು.

1990ರ ಜೂನ್ 6ರಂದು ಅವರು ಬಾರ್ಬಡೋಸಿನ ಗವರ್ನರ್ ಜನರಲ್ ಆದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರೇ. 1966ರ ನವೆಂಬರ್ 30ರಂದು ಸ್ವತಂತ್ರವಾದರೂ ಬಾರ್ಬಡೋಸ್ ಆಗ ಬ್ರಿಟನ್ ರಾಣಿಯನ್ನೇ ತನ್ನ ರಾಣಿ ಎಂದು ಉಳಿಸಿಕೊಂಡಿತ್ತು. ಅವರ ಪ್ರತಿನಿಧಿಯೇ ಗವರ್ನರ್ ಜನರಲ್. ನಮ್ಮಲ್ಲಿ 1948ರಿಂದ 1950ರವರೆಗೆ ರಾಜಾಜಿಯವರು ಇದ್ದ ಹುದ್ದೆಯಂಥದು. ದಿನನಿತ್ಯದ ಆಡಳಿತ ಪ್ರಧಾನಿಯದು. ಆದರೆ ಸರ್ಕಾರ ಬೀಳುವ, ಏಳುವ ಹೊತ್ತಿನಲ್ಲಿ ಆ ಕುರ್ಚಿಯಲ್ಲಿ ಕೂತವರ ನಡತೆ ಮುಖ್ಯವಾಗುತ್ತದೆ.

ಅಂಥ ಹೊತ್ತು ಬೇಗ ಬಂತು. 1991ರಲ್ಲಿ ಬಾರ್ಬಡೋಸಿನ ಖಜಾನೆ ಬರಿದಾಗಿ ಸರ್ಕಾರಿ ನೌಕರರ ಸಂಬಳದಲ್ಲಿ ಶೇಕಡಾ 8 ಕಡಿತವಾಯಿತು. ಜನ ಬೀದಿಗಿಳಿದರು. ಆಗ ಆಳುತ್ತಿದ್ದುದು ಎರಾಲ್ ಕಟ್ಟಿದವರಲ್ಲೊಬ್ಬರಾಗಿದ್ದ ಡೆಮಾಕ್ರಟಿಕ್ ಲೇಬರ್ ಪಕ್ಷವೇ. 1994ರ ಜೂನ್‌ನಲ್ಲಿ ಪ್ರಧಾನಿ ಅರ್ಸ್ಕಿನ್ ಸ್ಯಾಂಡಿಫೋರ್ಡ್ ಅವಿಶ್ವಾಸ ಗೊತ್ತುವಳಿಯಲ್ಲಿ ಸೋತರು. ಸಂಸತ್ತು ವಿಸರ್ಜನೆಯಾಗಿ, ಸೆಪ್ಟೆಂಬರಿನ ಚುನಾವಣೆಯಲ್ಲಿ ವಿರೋಧ ಪಕ್ಷ ಗೆದ್ದು ಓವೆನ್ ಆರ್ಥರ್ ಪ್ರಧಾನಿಯಾದರು. ತಮ್ಮನ ಪಕ್ಷ ಸೋತು ಎದುರಾಳಿ ಪಕ್ಷ ಬಂದಾಗ ರಾಜಭವನದಲ್ಲಿದ್ದವರು ಅಕ್ಕ. ಅಧಿಕಾರ ಸದ್ದುಗದ್ದಲವಿಲ್ಲದೆ ಕೈ ಬದಲಾಯಿತು. ವಾರ್ಡಿಗೆ ಬಂದ ರೋಗಿ ಯಾರ ಕಡೆಯವನು ಎಂದು ದಾದಿ ಕೇಳುವುದಿಲ್ಲ. ರಾಜಭವನದಲ್ಲೂ ಆ ಗುಣವೇ ಬೇಕಿತ್ತು.

1995ರ ಡಿಸೆಂಬರ್ 19ರಂದು, ಅಧಿಕಾರದಲ್ಲಿದ್ದಾಗಲೇ, 79ನೆಯ ವಯಸ್ಸಿನಲ್ಲಿ ನೀಟಾ ಬ್ಯಾರೋ ತೀರಿಕೊಂಡರು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಕೇವ್ ಹಿಲ್ ಆವರಣದಲ್ಲಿ ಲಿಂಗ ಸಮಾನತೆ ಮತ್ತು ಅಭಿವೃದ್ಧಿಯ ಅಧ್ಯಯನ ವಿಭಾಗಕ್ಕೆ ಅವರ ಹೆಸರಿಟ್ಟಿದ್ದಾರೆ. 2021ರಲ್ಲಿ ಬಾರ್ಬಡೋಸ್ ರಾಣಿಯನ್ನು ಬಿಟ್ಟು ಗಣರಾಜ್ಯವಾಯಿತು. ಮೊದಲ ರಾಷ್ಟ್ರಾಧ್ಯಕ್ಷರಾದವರೂ ಮಹಿಳೆಯೇ, ಸಾಂಡ್ರಾ ಮೇಸನ್. ಹೆಣ್ಣುಮಗಳು ಆ ಭವನದಲ್ಲಿ ಕೂರಬಹುದು ಎಂಬುದನ್ನು ನಾಡು ಮೊದಲು ಕಂಡದ್ದು ನೀಟಾ ಅವರಲ್ಲಿ.

ಈ ಜೀವನವನ್ನು ಓದಿದಾಗ ಒಂದು ವಿಷಯ ಎದ್ದು ಕಾಣುತ್ತದೆ. ಅವರು ನರ್ಸ್ ಕೆಲಸ ಬಿಟ್ಟು ದೊಡ್ಡವರಾಗಲಿಲ್ಲ. ರೋಗಿಯ ಮಾತನ್ನು ಪೂರ್ತಿ ಕೇಳುವುದು, ಎಲ್ಲಿ ನೋವು ಎಂದು ವಿಚಾರಿಸಿ ಆಮೇಲೆ ಕೈ ಇಡುವುದು, ಗಾಬರಿಯಾದವರ ನಡುವೆ ತಾವು ಗಾಬರಿಯಾಗದಿರುವುದು, ಈ ಮೂರನ್ನೂ ದವಾಖಾನೆಯಲ್ಲಿ ಕಲಿತರು. ನೈರೋಬಿಯ ಸಭೆಯಲ್ಲೂ ದಕ್ಷಿಣ ಆಫ್ರಿಕಾದ ಬಸ್ತಿಯಲ್ಲೂ ರಾಜಭವನದಲ್ಲೂ ಅವರ ಕೈ ಹಿಡಿದದ್ದು ಇವೇ.

ಗಡಿಯ ನಮ್ಮ ಊರುಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ತೆಲುಗು, ಉರ್ದು ಬಾರದ ನಮ್ಮ ಹಳ್ಳಿಯ ಅಜ್ಜಿ ದವಾಖಾನೆಯ ಮಂಚದ ಮೇಲೆ ಮಲಗಿದಾಗ, ಎಲ್ಲಿ ನೋವಾಗ್ತದವ್ವ ಎಂದು ಕನ್ನಡದಲ್ಲಿ ಕೇಳುವ ಒಬ್ಬ ಸಿಸ್ಟರ್ ಇದ್ದರೆ ಅರ್ಧ ಕಾಯಿಲೆ ಅಲ್ಲೇ ಇಳಿಯುತ್ತದೆ. ಅಂಥ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಅವರನ್ನು ಗುರುತಿಸುವುದು ಸಂಘದ ಕೆಲಸ.

ಆದ್ದರಿಂದ ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಊರಿನಲ್ಲಿ, ನಿಮ್ಮ ಬಳಗದಲ್ಲಿ ನರ್ಸ್ ಆಗಿ, ಎ.ಎನ್.ಎಂ. ಆಗಿ, ಆಶಾ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿರುವ ಕನ್ನಡದ ಹೆಣ್ಣುಮಕ್ಕಳ ಹೆಸರನ್ನು, ಅವರ ಒಪ್ಪಿಗೆ ಪಡೆದು, ನಿಮ್ಮ ಊರಿನ ಸಂಘದ ಪ್ರತಿನಿಧಿಗೆ ತಿಳಿಸಿರಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಅವರನ್ನು ವೇದಿಕೆಗೆ ಕರೆದು ಗೌರವಿಸೋಣ. ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಆ ದಿನ ಜೊತೆಗೆ ಕರೆತನ್ನಿರಿ. ಬರೀ ನರ್ಸ್ ಎಂಬ ಮಾತು ನಮ್ಮ ಮನೆಗಳಲ್ಲಾದರೂ ನಿಲ್ಲಲಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ